ಮೂತ್ರಕೋಶದಲ್ಲಿ ಕ್ರಿಮಿಯೇ ಇಲ್ಲ ಅಂದಮೇಲೆ 1 ಲಕ್ಷದ ಲೆಕ್ಕ ಯಾಕೆ?

ಪ್ರಶ್ನೆ: ನಾನು ನರ್ಸಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ. ಅನಾಟಮಿಯಲ್ಲಿ ಮೂತ್ರಾಂಗಗಳ ಪಾಠ ಮುಗಿಯಿತು, ಮೈಕ್ರೋಬಯಾಲಜಿಯಲ್ಲಿ ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಎಣಿಸುವ ಪರೀಕ್ಷೆ) ನಡೆಯುತ್ತಿದೆ. ಎರಡನ್ನೂ ಉರು ಹೊಡೆಯುತ್ತಿದ್ದೇನೆ, ಒಂದಕ್ಕೊಂದು ಕೂಡಿಕೊಳ್ಳುತ್ತಿಲ್ಲ. ಮೂತ್ರಕೋಶದಲ್ಲಿರುವ ಮೂತ್ರ ಕ್ರಿಮಿರಹಿತ ಎಂದು ಒಂದು ಕಡೆ ಇದೆ. ಒಂದು ಮಿಲಿಲೀಟರಿಗೆ 1 ಲಕ್ಷ ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಸೋಂಕು ಎಂದು ಇನ್ನೊಂದು ಕಡೆ ಇದೆ. ಕ್ರಿಮಿರಹಿತವಾಗಿದ್ದರೆ ಒಂದೇ ಒಂದು ಸಿಕ್ಕರೂ ಸೋಂಕಲ್ಲವೇ? ಈ 1 ಲಕ್ಷ ಎಲ್ಲಿಂದ ಬಂತು? ಮಧ್ಯದ ಮೂತ್ರವೇ ಯಾಕೆ ಬೇಕು, 2 ಗಂಟೆಯೊಳಗೇ ಯಾಕೆ ಕೊಡಬೇಕು?

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಹುಟ್ಟಿದೆ. ಆ ಎರಡು ಪುಟಗಳು ಮಾತಾಡುತ್ತಿರುವುದು ಎರಡು ಬೇರೆ ಮೂತ್ರಗಳ ಬಗ್ಗೆ. ಒಂದು, ಮೂತ್ರಕೋಶದೊಳಗೆ ನಿಂತಿರುವುದು. ಇನ್ನೊಂದು, ಬಾಟಲಿಗೆ ಬಿದ್ದದ್ದು. ಇವೆರಡರ ನಡುವೆ ಯುರೆತ್ರಾ ಇದೆ: ಮಹಿಳೆಯರಲ್ಲಿ ಸುಮಾರು 4 ಸೆಂ.ಮೀ., ಪುರುಷರಲ್ಲಿ 18ರಿಂದ 20 ಸೆಂ.ಮೀ. ಉದ್ದದ ನಾಳ. ಅದರ ಹೊರತುದಿಯಲ್ಲಿ ಬ್ಯಾಕ್ಟೀರಿಯಾಗಳು ಕಾಯಂ ಆಗಿ ವಾಸವಾಗಿವೆ. ಮೂತ್ರ ಹೊರಗೆ ಬರುವಾಗ ಅವುಗಳಲ್ಲಿ ಕೆಲವನ್ನು ತೊಳೆದುಕೊಂಡೇ ಬರುತ್ತದೆ. 1 ಲಕ್ಷ ಎಂಬುದು ಆ ತುದಿಗೆ ಕೊಟ್ಟ ರಿಯಾಯಿತಿ. ಮೂತ್ರ ತೆಗೆಯುವ ದಾರಿ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಇದೊಂದನ್ನು ಹಿಡಿದುಕೊಂಡರೆ ಉರು ಹೊಡೆಯುವುದು ಅರ್ಧ ತಪ್ಪುತ್ತದೆ.

ಮೇಲಿನಿಂದ ಬರೋಣ. ಮೂತ್ರಪಿಂಡದ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಿಲ್ಲ. ಪ್ರತಿಯೊಂದರಲ್ಲೂ ಸರಾಸರಿ 10 ಲಕ್ಷದಷ್ಟು ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳಿವೆ, ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ 1ರಿಂದ 2 ಲೀಟರ್ ಮಾತ್ರ ಮೂತ್ರವಾಗಿ ಕೆಳಗೆ ಬಿಡುತ್ತವೆ. ನಮ್ಮ ವಿಷಯಕ್ಕೆ ಬೇಕಾದದ್ದು ಒಂದೇ: ನೆಫ್ರಾನಿನ ಮೊದಲಲ್ಲಿರುವ ಸಣ್ಣ ರಕ್ತನಾಳಗಳ ಗೊಂಚಲಾದ ಗ್ಲೊಮೆರುಲಸ್‌ನ ಸೋಸುಪೊರೆ ಆಲ್ಬುಮಿನ್‌ನಂಥ ಪ್ರೋಟೀನನ್ನೇ ಹೆಚ್ಚುಕಡಿಮೆ ತಡೆಯುತ್ತದೆ. 2 ಮೈಕ್ರೋಮೀಟರ್ ಉದ್ದದ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಆ ಪೊರೆಯನ್ನು ದಾಟುವ ಪ್ರಶ್ನೆಯೇ ಇಲ್ಲ. ಹಾಗಾಗಿ ಮೂತ್ರ ಹುಟ್ಟುವಾಗ ಶುದ್ಧ.

ಅಲ್ಲಿಂದ ಮೂತ್ರಕೋಶಕ್ಕೆ ಇಳಿಯುವ 25ರಿಂದ 30 ಸೆಂ.ಮೀ. ಉದ್ದದ ನಾಳವೇ ಯುರೇಟರ್. ಇದರಲ್ಲಿ ಮೂತ್ರ ತಾನಾಗಿ ಜಾರಿ ಬೀಳುವುದಿಲ್ಲ. ಗೋಡೆಯ ನಯಸ್ನಾಯು ನಿಮಿಷಕ್ಕೆ ಒಂದರಿಂದ ಐದು ಸಲ ಅಲೆಯಂತೆ ಹಿಂಡಿ ಕೆಳಕ್ಕೆ ತಳ್ಳುತ್ತದೆ. ಕಲ್ಲು ಸಿಕ್ಕಿಕೊಳ್ಳುವ ಮೂರು ಇಕ್ಕಟ್ಟುಗಳನ್ನು ನೀವು ಓದಿರುತ್ತೀರಿ: ಮೂತ್ರಪಿಂಡದ ಪೆಲ್ವಿಸ್ (ಮೂತ್ರ ಕೂಡಿಕೊಳ್ಳುವ ಆಲಿಕೆಯಂಥ ಭಾಗ) ಮುಗಿಯುವ ಜಾಗ, ಸೊಂಟದ ಅಂಚಿನಲ್ಲಿ ಇಲಿಯಾಕ್ ರಕ್ತನಾಳಗಳನ್ನು ದಾಟುವ ಜಾಗ, ಮೂತ್ರಕೋಶದ ಗೋಡೆಯೊಳಗೆ ನುಗ್ಗುವ ಜಾಗ. ಮೂರನೆಯದರ ಮೇಲೆ ಸ್ವಲ್ಪ ನಿಲ್ಲಿ. ಯುರೇಟರ್ ಗೋಡೆಯನ್ನು ನೇರವಾಗಿ ಕೊರೆದುಕೊಂಡು ಹೋಗುವುದಿಲ್ಲ, ಓರೆಯಾಗಿ, 1.5ರಿಂದ 2 ಸೆಂ.ಮೀ. ದೂರ ಗೋಡೆಯೊಳಗೇ ಸಾಗಿ ಒಳಗೆ ತೆರೆದುಕೊಳ್ಳುತ್ತದೆ. ಮೂತ್ರಕೋಶ ತುಂಬಿದಾಗಲೂ, ವಿಸರ್ಜನೆಗಾಗಿ ಹಿಂಡಿಕೊಂಡಾಗಲೂ ಈ ಓರೆ ಭಾಗ ಒತ್ತಿ ಮುಚ್ಚಿಕೊಳ್ಳುತ್ತದೆ. ಬೇರೆ ಕವಾಟವೇನೂ ಅಲ್ಲಿಲ್ಲ. ಚಿಕ್ಕ ಮಕ್ಕಳಲ್ಲಿ ಈ ಓರೆ ಭಾಗ ಗಿಡ್ಡವಾಗಿದ್ದರೆ ಮೂತ್ರ ಹಿಂದಕ್ಕೆ ಚಿಮ್ಮುತ್ತದೆ, ಕೆಳಗಿನ ಬ್ಯಾಕ್ಟೀರಿಯಾ ಮೂತ್ರಪಿಂಡಕ್ಕೆ ಸಲೀಸಾಗಿ ತಲುಪುತ್ತದೆ. ಮಗುವಿಗೆ ಮತ್ತೆ ಮತ್ತೆ ಜ್ವರದೊಂದಿಗೆ ಮೂತ್ರಸೋಂಕು ಬಂದರೆ ಹಿಮ್ಮುಖ ಹರಿವು ಇದೆಯೇ ಎಂದು ಹುಡುಕುವುದು ಇದಕ್ಕೇ.

ಗರ್ಭಿಣಿಯರಲ್ಲಿ ಬೇರೆ ಕಾರಣಕ್ಕೆ ಇದೇ ಅಪಾಯ. ಪ್ರೊಜೆಸ್ಟರಾನ್‌ನಿಂದ ಯುರೇಟರ್ ಸ್ನಾಯು ಸಡಿಲವಾಗುತ್ತದೆ, ಬೆಳೆಯುವ ಗರ್ಭಕೋಶ ಸೊಂಟದ ಅಂಚಿನಲ್ಲಿ ಅದನ್ನು ಒತ್ತುತ್ತದೆ. ಬಲಗಡೆಯದು ಹೆಚ್ಚು ಹಿಗ್ಗುತ್ತದೆ. ಲಕ್ಷಣವೇ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ ಉಳಿದವರಲ್ಲಿ ಬಹುತೇಕ ಸುಮ್ಮನೆ ಬಿಡುತ್ತಾರೆ. ಗರ್ಭಿಣಿಯಲ್ಲಿ ಮಾತ್ರ ಹುಡುಕಿ ಔಷಧ ಕೊಡುತ್ತಾರೆ.

ಇನ್ನು ಮೂತ್ರಕೋಶ. 400ರಿಂದ 600 ಮಿ.ಲೀ. ಹಿಡಿಯುತ್ತದೆ, ಅದಕ್ಕಿಂತ ಬಹಳ ಮೊದಲೇ ಒತ್ತಡದ ಸುಳಿವು ಸಿಗುತ್ತದೆ. ಒಳಪದರ ಟ್ರಾನ್ಸಿಷನಲ್ ಎಪಿಥೀಲಿಯಂ, ಅಂದರೆ ಹಿಗ್ಗಿ ಕುಗ್ಗಬಲ್ಲ ಕೋಶಗಳ ಹಾಸು. ಅದರ ಮೇಲ್ಮೈಯ ದೊಡ್ಡ ಕೋಶಗಳಿಗೆ ಅಂಬ್ರೆಲಾ ಕೋಶ ಎಂದು ಹೆಸರು, ಅವುಗಳ ಹೊರಮೈಯಲ್ಲಿ ಯೂರೋಪ್ಲಾಕಿನ್ ಎಂಬ ಪ್ರೋಟೀನಿನ ಹಾಸು. ಈ ಹಾಸು ಇರುವುದರಿಂದ ಮೂತ್ರದಲ್ಲಿರುವ ಯೂರಿಯಾ, ಲವಣಗಳು ಗೋಡೆಗೆ ವಾಪಸು ಇಳಿಯುವುದಿಲ್ಲ. ಬ್ಯಾಕ್ಟೀರಿಯಾ ವಿರುದ್ಧ ಮೂತ್ರಕೋಶದ ಮುಖ್ಯ ರಕ್ಷಣೆ ಮಾತ್ರ ತೀರಾ ಸರಳ: ಪೂರ್ತಿ ಖಾಲಿಯಾಗುವುದು. ಸ್ವಲ್ಪ ಬ್ಯಾಕ್ಟೀರಿಯಾ ಒಳಗೆ ಬಂದರೂ ಮುಂದಿನ ಸಲ ಮೂತ್ರದ ಜೊತೆ ಆಚೆ ಹೋಗುತ್ತದೆ. ಪ್ರಾಸ್ಟೇಟ್ ದೊಡ್ಡದಾದ ವಯಸ್ಸಾದ ಪುರುಷರಲ್ಲಿ ಮೂತ್ರ ಪೂರ್ತಿ ಹೋಗದೆ ಉಳಿದುಬಿಡುತ್ತದೆ. ಅವರಲ್ಲಿ ಸೋಂಕು ಹೆಚ್ಚಲು ಆ ಉಳಿಕೆಯೇ ದೊಡ್ಡ ಕಾರಣ.

ಇಷ್ಟು ತೊಳೆದರೂ ಹೋಗದವರು ಯಾರು? ಅಂಟಿಕೊಳ್ಳಬಲ್ಲವರು. ಸಾಮಾನ್ಯ ಮೂತ್ರಸೋಂಕುಗಳಲ್ಲಿ ಮುಕ್ಕಾಲು ಪಾಲಿಗಿಂತ ಕಡಿಮೆಯಿಲ್ಲದಷ್ಟು ಎಷರೀಶಿಯಾ ಕೋಲೈ, ಅಂದರೆ ಇ. ಕೋಲೈ ಒಂದರಿಂದಲೇ ಬರುತ್ತದೆ. ಇದರ ಮೈಮೇಲೆ ಫಿಂಬ್ರಿಯಾ ಎಂಬ ರೋಮದಂಥ ಎಳೆಗಳಿವೆ. ಟೈಪ್ 1 ಫಿಂಬ್ರಿಯಾದ ತುದಿಯಲ್ಲಿರುವ ಫಿಮ್‌ಎಚ್ ಎಂಬ ಪ್ರೋಟೀನು ಮ್ಯಾನೋಸ್ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಮೂತ್ರಕೋಶವನ್ನು ಕಾಯಬೇಕಾದ ಯೂರೋಪ್ಲಾಕಿನ್ ಮೇಲೆಯೇ ಆ ಮ್ಯಾನೋಸ್ ಇರುವುದು. ಪಿ ಫಿಂಬ್ರಿಯಾ ಇರುವ ತಳಿಗಳು ಮೂತ್ರಪಿಂಡದ ಕೋಶಗಳಿಗೆ ಅಂಟುತ್ತವೆ, ಪೈಲೋನೆಫ್ರೈಟಿಸ್ (ಮೂತ್ರಪಿಂಡದ ಸೋಂಕು) ಮಾಡುವವರಲ್ಲಿ ಇವೇ ಹೆಚ್ಚು. ಕರುಳಿನಲ್ಲಿ ಇ. ಕೋಲೈಗಿಂತ ಹಲವು ಪಟ್ಟು ಹೆಚ್ಚು ಇರುವ, ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಮೂತ್ರಸೋಂಕು ಮಾಡುವುದು ಅಪರೂಪ. ಹತ್ತಿರದಲ್ಲಿರುವುದಷ್ಟೇ ಸಾಲದು ಎಂದಾಯಿತು.

ಈಗ ಯುರೆತ್ರಾ. ಪರೀಕ್ಷೆಗೆ ಓದುವಾಗ ಉದ್ದ ಮಾತ್ರ ನೆನಪಿಟ್ಟುಕೊಳ್ಳುತ್ತೀರಿ, ಒಳಪದರವನ್ನು ಮರೆಯುತ್ತೀರಿ. ನಮ್ಮ ಕೆಲಸಕ್ಕೆ ಬರುವುದು ಒಳಪದರ. ಮೂತ್ರಕೋಶದ ಬಳಿ ಅದು ಟ್ರಾನ್ಸಿಷನಲ್, ನಡುವೆ ಬಹುತೇಕ ಕಾಲಮ್ನಾರ್ (ಕಂಬದಂಥ ಕೋಶಗಳು), ಹೊರಬಾಯಿಯ ಹತ್ತಿರ ಪದರಪದರವಾದ ಸ್ಕ್ವೇಮಸ್ (ಚಪ್ಪಟೆ ಕೋಶಗಳು). ಕಾಯಂ ವಾಸಿಗಳು ಇರುವುದು ಈ ಸ್ಕ್ವೇಮಸ್ ತುದಿಯಲ್ಲಿ ಮತ್ತು ಅದರ ಸುತ್ತಲಿನ ಚರ್ಮದಲ್ಲಿ: ಕೊಯಾಗುಲೇಸ್ ನೆಗೆಟಿವ್ ಸ್ಟೆಫೈಲೊಕಾಕಸ್, ಕೊರಿನೆಬ್ಯಾಕ್ಟೀರಿಯಂ, ಕೆಲವು ಸ್ಟ್ರೆಪ್ಟೊಕಾಕಸ್. ಮಹಿಳೆಯರಲ್ಲಿ ಪಕ್ಕದ ಯೋನಿಯಿಂದ ಲ್ಯಾಕ್ಟೊಬ್ಯಾಸಿಲಸ್ ಕೂಡ. ಯುರೆತ್ರಾದ ಬಾಯಿ ಯೋನಿಬಾಯಿಗೆ ಸ್ವಲ್ಪ ಮುಂದೆಯೇ ಇದೆ, ಗುದದ್ವಾರವೂ ದೂರವಿಲ್ಲ. ಹೊರಗಿನಿಂದ ಒಳಕ್ಕೆ 4 ಸೆಂ.ಮೀ. ಪ್ರಯಾಣ ಇ. ಕೋಲೈಗೆ ಕಷ್ಟವೇನಲ್ಲ. ಪುರುಷರಿಗೆ ಉದ್ದದ ಜೊತೆಗೆ ಪ್ರಾಸ್ಟೇಟ್ ರಸದ ಬ್ಯಾಕ್ಟೀರಿಯಾನಾಶಕ ಗುಣವೂ ನೆರವಾಗುತ್ತದೆ.

ಒಳಪದರದ ಈ ಪಾಠ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತದೆ. ಮೂತ್ರದ ಹನಿಯನ್ನು 40 ಎಕ್ಸ್ ಲೆನ್ಸಿನಡಿ ನೋಡಿದಾಗ ದೊಡ್ಡ, ಚಪ್ಪಟೆ, ಅಂಚು ಮಡಚಿಕೊಂಡ, ನಡುವೆ ಸಣ್ಣ ನ್ಯೂಕ್ಲಿಯಸ್ ಇರುವ ಕೋಶಗಳು ತುಂಬಿಕೊಂಡಿದ್ದರೆ ಅವು ಸ್ಕ್ವೇಮಸ್. ಮೂತ್ರಕೋಶದಲ್ಲಿ ಅಂಥವು ಸಾಮಾನ್ಯವಾಗಿ ಹೇರಳವಾಗಿರುವುದಿಲ್ಲ. ಹಾಗಾದರೆ ಈ ಮಾದರಿ ತುದಿಯನ್ನು, ಯೋನಿಭಾಗವನ್ನು ಚೆನ್ನಾಗಿ ತೊಳೆದುಕೊಂಡು ಬಂದಿದೆ. ಇನ್ನು ಕಲ್ಚರ್‌ನಲ್ಲಿ ಏನೇ ಬೆಳೆದರೂ ನಂಬುವುದು ಕಷ್ಟ. ಹಿಸ್ಟಾಲಜಿಯ (ಅಂಗಾಂಶಶಾಸ್ತ್ರದ) ಒಂದು ಸಾಲು ಮಾದರಿಯ ಗುಣಮಟ್ಟದ ಪರೀಕ್ಷೆಯಾಗುವುದು ಹೀಗೆ.

ಮಧ್ಯದ ಮೂತ್ರ ಯಾಕೆ ಎಂಬುದಕ್ಕೆ ಈಗ ಉತ್ತರ ಸುಲಭ. ಮೊದಲ 20ರಿಂದ 30 ಮಿ.ಲೀ. ತುದಿಯನ್ನು ತೊಳೆಯುತ್ತದೆ, ಅದನ್ನು ಬಿಡಿ. ಅದರ ಹಿಂದೆ ಬರುವುದು ಮೂತ್ರಕೋಶದ ಮೂತ್ರಕ್ಕೆ ಹತ್ತಿರವಾದದ್ದು, ಅದರಲ್ಲಿ 10ರಿಂದ 20 ಮಿ.ಲೀ. ಸಾಕು. ರೋಗಿಗೆ ಹೇಳುವಾಗ ಎಡವುವುದು ಒಂದು ಮಾತಿನಲ್ಲಿ. ಸ್ವಲ್ಪ ಹೋಗಿ, ನಿಲ್ಲಿಸಿ, ಆಮೇಲೆ ಬಾಟಲಿ ಹಿಡಿಯಿರಿ ಎನ್ನುತ್ತಾರೆ. ನಿಲ್ಲಿಸಬಾರದು. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಯುರೆತ್ರಾದಲ್ಲಿ ನಿಂತ ಹನಿಗಳೇ ಮೊದಲು ಬಾಟಲಿಗೆ ಬೀಳುತ್ತವೆ. ಧಾರೆ ಹರಿಯುತ್ತಿರುವಾಗಲೇ ಬಾಟಲಿಯನ್ನು ಅಡ್ಡ ಹಿಡಿಯಬೇಕು, ಹರಿಯುತ್ತಿರುವಾಗಲೇ ತೆಗೆಯಬೇಕು.

ಅದಕ್ಕೂ ಮೊದಲು ಕೈ ತೊಳೆಯಬೇಕು. ಮಹಿಳೆಯರು ಒಂದು ಕೈಯಿಂದ ಯೋನಿತುಟಿಗಳನ್ನು ಬಿಡಿಸಿ ಹಿಡಿದು ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಒರೆಸಿದ ತುಂಡನ್ನು ಎಸೆದು ಇನ್ನೊಂದನ್ನು ತೆಗೆದುಕೊಳ್ಳಬೇಕು. ಮೂತ್ರ ಹಿಡಿದು ಮುಗಿಯುವವರೆಗೂ ಆ ಕೈ ಬಿಡಬಾರದು. ಪುರುಷರು ಮುಂದೊಗಲನ್ನು ಹಿಂದಕ್ಕೆ ಸರಿಸಬೇಕು. ನೀರು, ಸಾಬೂನು ಸಾಕು, ಸಾಬೂನು ಪೂರ್ತಿ ತೊಳೆದುಹೋಗಬೇಕು. ಆ್ಯಂಟಿಸೆಪ್ಟಿಕ್ ಬಳಿದು ಅದು ಬಾಟಲಿಗೆ ಬಿದ್ದರೆ ಹುಡುಕುತ್ತಿರುವ ಬ್ಯಾಕ್ಟೀರಿಯಾವೇ ಸತ್ತು, ಇದ್ದ ಸೋಂಕು ಇಲ್ಲವೆಂದು ವರದಿ ಬರುತ್ತದೆ. ಬಾಟಲಿ ಅಗಲ ಬಾಯಿಯದು, ಸ್ಟೆರೈಲ್ ಆದದ್ದು. ಮುಚ್ಚಳವನ್ನು ಒಳಮೈ ಮೇಲಾಗಿ ಇಡಬೇಕು, ಅಂಚಿಗೆ ಬೆರಳು ತಾಕಬಾರದು. ಆ್ಯಂಟಿಬಯೋಟಿಕ್ ಶುರುವಾಗುವ ಮೊದಲು ತೆಗೆಯಬೇಕು. ಸಾಧ್ಯವಾದರೆ ಬೆಳಗಿನ ಮೊದಲ ಮೂತ್ರ, ಇಲ್ಲವೇ ಮೂತ್ರಕೋಶದಲ್ಲಿ 4 ಗಂಟೆಯಾದರೂ ನಿಂತದ್ದು.

ಬಾಟಲಿಯ ಚೀಟಿಯಲ್ಲಿ ಹೆಸರು, ನೋಂದಣಿ ಸಂಖ್ಯೆ ಎಲ್ಲರೂ ಬರೆಯುತ್ತಾರೆ. ತೆಗೆದ ಸಮಯವನ್ನೂ ತೆಗೆದ ವಿಧಾನವನ್ನೂ ಬರೆಯುವವರು ಕಡಿಮೆ. ಪ್ರಯೋಗಾಲಯಕ್ಕೆ ಇವೆರಡೂ ಇಲ್ಲದೆ ಯಾವ ಅಳತೆಗೋಲು ಹಿಡಿಯಬೇಕೆಂದೇ ತಿಳಿಯುವುದಿಲ್ಲ.

ಸಮಯದ ಮಾತಿಗೆ ಬರೋಣ. ಇ. ಕೋಲೈ ಅನುಕೂಲವಾದ ಪೋಷಕದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ತುದಿಯಿಂದ ಬಂದ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಮಿಲಿಲೀಟರಿಗೆ 1,000 ಇತ್ತೆನ್ನಿ. ಅದೇ ವೇಗ ಹಿಡಿದರೆ 1 ಗಂಟೆಗೆ 8,000. 2 ಗಂಟೆಗೆ 64,000. ಇನ್ನು 20 ನಿಮಿಷ ಬಿಟ್ಟರೆ 1,28,000, ಗೆರೆ ದಾಟಿತು. 3 ಗಂಟೆಗೆ 5,12,000. ರೋಗಿಗೆ ಸೋಂಕೇ ಇಲ್ಲ, ವರದಿಯಲ್ಲಿ ಸೋಂಕು ಬಂತು. ಕೋಣೆಯ ಉಷ್ಣಾಂಶದಲ್ಲಿ ಬೆಳವಣಿಗೆ ಇಷ್ಟು ಚುರುಕಾಗಿರುವುದಿಲ್ಲ, ಎಲ್ಲರ ಮೂತ್ರವೂ ಅಷ್ಟು ಒಳ್ಳೆಯ ಪೋಷಕವಲ್ಲ. ಆದರೂ ಲೆಕ್ಕದ ಸ್ವಭಾವ ಇದೇ, 2 ಗಂಟೆಯ ನಿಯಮ ನಿಂತಿರುವುದು ಇದರ ಮೇಲೆ.

ತಡವಾದ ಮೂತ್ರದಲ್ಲಿ ಇನ್ನೊಂದು ಎಡವಟ್ಟೂ ಆಗುತ್ತದೆ. ಬ್ಯಾಕ್ಟೀರಿಯಾ ಏರುತ್ತಿರುವಾಗ ಕೀವುಕಣಗಳು (ಸೋಂಕಿನ ವಿರುದ್ಧ ಬರುವ ಬಿಳಿ ರಕ್ತಕಣಗಳು) ಒಡೆದು ಕಡಿಮೆಯಾಗುತ್ತವೆ, ಮೂತ್ರ ತೆಳುವಾಗಿದ್ದರೆ ಅಥವಾ ಕ್ಷಾರೀಯವಾಗಿದ್ದರೆ ಇನ್ನೂ ಬೇಗ. ಬ್ಯಾಕ್ಟೀರಿಯಾ ರಾಶಿ, ಕೀವುಕಣ ಇಲ್ಲ ಎಂಬ ವರದಿ ಕಂಡಾಗ ಮೊದಲು ನೋಡಬೇಕಾದದ್ದು ಬಾಟಲಿ ಎಷ್ಟು ಹೊತ್ತು ಹೊರಗಿತ್ತು ಎಂದು.

2 ಗಂಟೆಯಲ್ಲಿ ತಲುಪಿಸಲಾಗದಿದ್ದರೆ ಫ್ರಿಡ್ಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ, 24 ಗಂಟೆವರೆಗೆ ನಡೆಯುತ್ತದೆ. ಚಳಿಯಲ್ಲಿ ಬ್ಯಾಕ್ಟೀರಿಯಾ ಸಾಯುವುದಿಲ್ಲ, ವೃದ್ಧಿ ನಿಲ್ಲುತ್ತದೆ. ಬೋರಿಕ್ ಆ್ಯಸಿಡ್ ಹಾಕಿದ ಬಾಟಲಿಗಳೂ ಇವೆ, ಅವುಗಳಲ್ಲಿ ಗೆರೆಯವರೆಗೆ ಮೂತ್ರ ತುಂಬಿಸಲೇಬೇಕು. ಪುಡಿಯ ಪ್ರಮಾಣ ಆ ಗೆರೆಗೆ ಲೆಕ್ಕ ಹಾಕಿ ಇಟ್ಟದ್ದು, ಶೇ. 1ರಿಂದ 2ರ ದ್ರಾವಣ ಆಗುವಂತೆ. ಅರ್ಧ ಬಾಟಲಿ ಹಿಡಿದರೆ ದ್ರಾವಣ ದುಪ್ಪಟ್ಟು ಗಟ್ಟಿಯಾಗಿ ಬ್ಯಾಕ್ಟೀರಿಯಾವನ್ನೇ ಕೊಲ್ಲಬಹುದು.

ಇನ್ನು ಎಣಿಸುವುದು ಹೇಗೆ? ಅಳತೆಯ ಲೂಪ್ (ತುದಿಯಲ್ಲಿ ಸಣ್ಣ ಬಳೆಯಿರುವ ಕಡ್ಡಿ) ಒಂದು ಸಲಕ್ಕೆ 1 ಮೈಕ್ರೋಲೀಟರ್, ಅಂದರೆ ಮಿಲಿಲೀಟರಿನ ಸಾವಿರದಲ್ಲೊಂದು ಪಾಲು ಎತ್ತುತ್ತದೆ. ಅದನ್ನು ಬ್ಯಾಕ್ಟೀರಿಯಾ ಬೆಳೆಸುವ ಪೋಷಕದ ತಟ್ಟೆಯ ನಡುವೆ ಒಂದು ಗೆರೆ ಎಳೆದು, ಆ ಗೆರೆಗೆ ಅಡ್ಡವಾಗಿ ಒತ್ತೊತ್ತಾಗಿ ಹಿಂದೆಮುಂದೆ ಎಳೆದು ಹರಡಬೇಕು. ನಡುವೆ ಲೂಪನ್ನು ಸುಡಬಾರದು, ಎತ್ತಿದ್ದೆಲ್ಲವೂ ತಟ್ಟೆಯಲ್ಲೇ ಇರಬೇಕು. 35ರಿಂದ 37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಇಟ್ಟ ಮೇಲೆ ಕಂಡ ಕಾಲನಿಗಳನ್ನು (ಒಂದೊಂದು ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆಗಳನ್ನು) 1,000ದಿಂದ ಗುಣಿಸಿದರೆ ಮಿಲಿಲೀಟರಿನ ಲೆಕ್ಕ. 100 ಕಾಲನಿ ಎಂದರೆ 1 ಲಕ್ಷ. ಈ ಗುಣಾಕಾರದಲ್ಲಿ ಒಂದು ಮಿತಿ ಅಡಗಿದೆ, ವಿದ್ಯಾರ್ಥಿಗಳಿಗೆ ಅದು ಹೊಳೆಯುವುದೇ ಇಲ್ಲ. ಒಂದೇ ಕಾಲನಿ ಬಂದರೂ ಲೆಕ್ಕ 1,000. ಮಿಲಿಲೀಟರಿಗೆ 100 ಇರುವ ಮೂತ್ರದಲ್ಲಿ ಈ ಲೂಪ್‌ಗೆ ಬಹುಪಾಲು ಏನೂ ಸಿಗುವುದಿಲ್ಲ. ಅಷ್ಟು ಕಡಿಮೆ ಸಂಖ್ಯೆ ಹುಡುಕಬೇಕಾದರೆ 10 ಮೈಕ್ರೋಲೀಟರ್ ಲೂಪ್ ಬೇಕು, ಆಗ ಒಂದು ಕಾಲನಿಗೆ 100.

ತಪ್ಪು ಹೆಚ್ಚಾಗಿ ಆಗುವುದು ಕೈಯಲ್ಲಿ. ಮೊದಲು ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಮೂತ್ರವನ್ನು ಬೆರೆಸಬೇಕು. ಹೊತ್ತಾದರೆ ಕೋಶಗಳೂ ಬ್ಯಾಕ್ಟೀರಿಯಾವೂ ತಳಕ್ಕಿಳಿದಿರುತ್ತವೆ. ಜೋರಾಗಿ ಕುಲುಕಿದರೆ ನೊರೆ ಬಂದು ಲೂಪ್‌ನೊಳಗೆ ಗುಳ್ಳೆ ನಿಲ್ಲುತ್ತದೆ, ಅಳತೆ ಕಡಿಮೆಯಾಗುತ್ತದೆ. ಲೂಪನ್ನು ನೆಟ್ಟಗೆ ಹಿಡಿದು ಬಳೆ ಮಾತ್ರ ಮುಳುಗುವಷ್ಟು ಅದ್ದಿ ನೆಟ್ಟಗೇ ಎತ್ತಬೇಕು. ಓರೆಯಾಗಿ ಎತ್ತಿದರೂ, ಕಡ್ಡಿಯವರೆಗೆ ಅದ್ದಿದರೂ ಹೆಚ್ಚು ಮೂತ್ರ ಬರುತ್ತದೆ. ಸುಟ್ಟ ತಂತಿಯ ಲೂಪ್ ಆರುವ ಮೊದಲೇ ಅದ್ದಿದರೆ ಚುರ್ರೆನ್ನುತ್ತದೆ, ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತದೆ. 1 ಲಕ್ಷದ ಆಸುಪಾಸಿನ ವರದಿಗಳಲ್ಲಿ ಇಂಥ ಸಣ್ಣ ವ್ಯತ್ಯಾಸವೇ ಆ ಕಡೆ ಈ ಕಡೆ ಮಾಡುತ್ತದೆ. 90 ಕಾಲನಿಗೂ 110 ಕಾಲನಿಗೂ ನಡುವೆ ರೋಗದ ಗಡಿ ಇದೆ ಎಂದು ನಂಬಬೇಡಿ.

ತಟ್ಟೆಗಳ ಆಯ್ಕೆ ಚುಟುಕಾಗಿ (ಅಗಾರ್ ಎಂದರೆ ತಟ್ಟೆಯಲ್ಲಿ ಹಾಕುವ ಗಟ್ಟಿ ಪೋಷಕ): ಬ್ಲಡ್ ಅಗಾರ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಬೆಳೆಯುತ್ತವೆ. ಮೆಕಾಂಕಿ ಅಗಾರ್‌ನಲ್ಲಿರುವ ಪಿತ್ತಲವಣ ಮತ್ತು ಕ್ರಿಸ್ಟಲ್ ವಯೊಲೆಟ್, ಗ್ರಾಂ ಬಣ್ಣ ಹಾಕಿದಾಗ ನೇರಳೆಯಾಗಿ ಕಾಣುವ ಗ್ರಾಂ ಪಾಸಿಟಿವ್‌ಗಳನ್ನು ತಡೆಯುತ್ತವೆ. ಲ್ಯಾಕ್ಟೋಸ್ ಒಡೆಯುವ ಇ. ಕೋಲೈ ಅದರ ಮೇಲೆ ಗುಲಾಬಿ ಬಣ್ಣ. ಕ್ಲೆಡ್ ಅಗಾರ್‌ನಲ್ಲಿ ಅದೇ ಇ. ಕೋಲೈ ಹಳದಿ. ಕ್ಲೆಡ್‌ನಲ್ಲಿ ಲವಣಾಂಶ ಕಡಿಮೆ ಇಟ್ಟಿರುವುದಕ್ಕೆ ಕಾರಣ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ. ಬ್ಲಡ್ ಅಗಾರ್ ಮೇಲೆ ಅದು ಅಲೆಅಲೆಯಾಗಿ ಹರಡಿ ಬೇರೆ ಕಾಲನಿಗಳನ್ನು ಮುಚ್ಚಿಬಿಡುತ್ತದೆ, ಕ್ಲೆಡ್ ಮೇಲೆ ಹಾಗೆ ಹರಡಲಾರದು. ಈ ಪ್ರೋಟಿಯಸ್‌ನ ಯೂರಿಯೇಸ್ ಕಿಣ್ವ ಯೂರಿಯಾ ಒಡೆದು ಅಮೋನಿಯಾ ಮಾಡುವುದರಿಂದ ಮೂತ್ರ ಕ್ಷಾರೀಯವಾಗಿ ಸ್ಟ್ರುವೈಟ್ ಕಲ್ಲು ಕಟ್ಟುತ್ತದೆ. ಮೂತ್ರದ ಪಿಎಚ್ 8ರ ಹತ್ತಿರ ಕಂಡರೆ ಇದು ತಲೆಗೆ ಬರಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. 1 ಲಕ್ಷದ ಗೆರೆಯನ್ನು ಎಳೆದವರು ಅಮೆರಿಕದ ವೈದ್ಯ ಎಡ್ವರ್ಡ್ ಕ್ಯಾಸ್, 1950ರ ದಶಕದಲ್ಲಿ. ಪೈಲೋನೆಫ್ರೈಟಿಸ್ ಇರುವವರ ಮೂತ್ರವನ್ನೂ ಲಕ್ಷಣವಿಲ್ಲದ ಮಹಿಳೆಯರ ಮೂತ್ರವನ್ನೂ ಎಣಿಸಿದಾಗ ಸಂಖ್ಯೆಗಳು ಎರಡು ಗುಂಪಾಗಿ ಒಡೆದವು. ತುದಿಯಿಂದ ಸೇರಿಕೊಂಡವು ಸಾಮಾನ್ಯವಾಗಿ 10 ಸಾವಿರದ ಕೆಳಗೆ. ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತು ಬೆಳೆದವು ಲಕ್ಷದ ಮೇಲೆ. ನಡುವಿನ ಜಾಗದಲ್ಲಿ ಹೆಚ್ಚು ಜನ ಇರಲಿಲ್ಲ. ಲಕ್ಷಣವಿಲ್ಲದ ಮಹಿಳೆಯ ಒಂದು ಮಾದರಿಯಲ್ಲಿ 1 ಲಕ್ಷ ದಾಟಿದರೆ ಅದು ನಿಜವಾದ ಬ್ಯಾಕ್ಟೀರಿಯೂರಿಯಾ (ಮೂತ್ರಕೋಶದ ಮೂತ್ರದಲ್ಲೇ ಬ್ಯಾಕ್ಟೀರಿಯಾ ಇರುವುದು) ಆಗಿರುವ ಸಂಭವ ಸುಮಾರು ಶೇ. 80, ಬೆನ್ನುಬೆನ್ನಿಗೆ ಎರಡು ಮಾದರಿಗಳಲ್ಲಿ ಅದೇ ಬಂದರೆ ಶೇ. 95. ಅಂದರೆ ಇದು ಸಂಭವದ ಮಾತು. ಅದಕ್ಕಿಂತ ಕೆಳಗಿದ್ದರೆ ಸೋಂಕಿಲ್ಲ ಎಂದು ಆ ಲೆಕ್ಕ ಹೇಳಿಯೇ ಇಲ್ಲ. ಅದನ್ನು ಹಾಗೆ ಓದಿದ್ದು ಆಮೇಲಿನವರು.

ಉರಿಮೂತ್ರ, ಪದೇ ಪದೇ ಅವಸರ ಇರುವ ಯುವತಿಯ ವಿಷಯ ನೋಡಿ. ಅರ್ಧ ಗಂಟೆಗೊಮ್ಮೆ ಹೋಗುತ್ತಿದ್ದಾಳೆ, ನೀರು ಹೆಚ್ಚು ಕುಡಿಯುತ್ತಿದ್ದಾಳೆ. ಬ್ಯಾಕ್ಟೀರಿಯಾಗೆ ಮೂತ್ರಕೋಶದಲ್ಲಿ ನಿಂತು ಲಕ್ಷಕ್ಕೇರಲು ಹೊತ್ತೇ ಸಿಗುತ್ತಿಲ್ಲ. ಇಂಥವರಲ್ಲಿ ಇ. ಕೋಲೈ ಮಿಲಿಲೀಟರಿಗೆ 100ರಿಂದ 1,000 ಸಿಕ್ಕರೂ, ಕೀವುಕಣ ಜೊತೆಗಿದ್ದರೆ, ಸೋಂಕೆಂದೇ ಲೆಕ್ಕ. ಪುರುಷರಲ್ಲಿ ಹೊರಗಿನಿಂದ ಸೇರಿಕೊಳ್ಳುವುದು ಕಡಿಮೆ, ಆದ್ದರಿಂದ 1,000ಕ್ಕೂ ಬೆಲೆಯಿದೆ.

ಯುರೆತ್ರಾವನ್ನೇ ತಪ್ಪಿಸಿದರೆ? ತುಂಬಿದ ಮೂತ್ರಕೋಶ ಪ್ಯೂಬಿಕ್ ಮೂಳೆಯ ಮೇಲಕ್ಕೆ ಏಳುತ್ತದೆ, ಏಳುವಾಗ ತನ್ನ ಮೇಲಿನ ಪೆರಿಟೋನಿಯಂ ಪೊರೆಯನ್ನೂ ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಮೂಳೆಯ ಅಂಚಿಗೆ ಸ್ವಲ್ಪ ಮೇಲೆ ಚುಚ್ಚಿದ ಸೂಜಿ ಹೊಟ್ಟೆಯ ಕುಹರಕ್ಕೆ ಹೋಗದೆ ನೇರ ಮೂತ್ರಕೋಶ ಸೇರುತ್ತದೆ. ಹಸುಳೆಗಳಲ್ಲಿ ಮೂತ್ರಕೋಶ ಖಾಲಿಯಿದ್ದಾಗಲೂ ಹೊಟ್ಟೆಯ ಭಾಗದಲ್ಲೇ ಎತ್ತರಕ್ಕಿರುವುದರಿಂದ ಈ ವಿಧಾನ ಅವರಿಗೆ ಒಪ್ಪುತ್ತದೆ. ಹೀಗೆ ತೆಗೆದ ಮೂತ್ರದಲ್ಲಿ ಇ. ಕೋಲೈಯಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ ಎಷ್ಟೇ ಸಿಕ್ಕರೂ ಅರ್ಥವಿದೆ. ನೀವು ಕೇಳಿದ "ಒಂದೇ ಒಂದು ಸಿಕ್ಕರೂ" ಎಂಬ ತರ್ಕ ಪೂರ್ತಿ ಅನ್ವಯಿಸುವುದು ಇಲ್ಲಿ. ಚರ್ಮದ ಸ್ಟೆಫೈಲೊಕಾಕಸ್ ಒಂದೆರಡು ಕಾಲನಿ ಬಂದರೆ ಮಾತ್ರ ಸೂಜಿಯ ದಾರಿಯ ಮೇಲೆ ಅನುಮಾನ. ಹಸುಳೆಗಳಿಗೆ ಅಂಟಿಸುವ ಪ್ಲಾಸ್ಟಿಕ್ ಚೀಲದ ಮೂತ್ರ ಇದಕ್ಕೆ ತದ್ವಿರುದ್ಧ. ಅದರಲ್ಲಿ ಏನೂ ಬೆಳೆಯದಿದ್ದರೆ ಸೋಂಕಿಲ್ಲ ಎನ್ನಬಹುದು, ಬೆಳೆದರೆ ಏನನ್ನೂ ಹೇಳಲಾಗದು.

ಕ್ಯಾಥಿಟರ್ (ಮೂತ್ರ ಹೊರಬಿಡಲು ಮೂತ್ರಕೋಶಕ್ಕೆ ಹಾಕುವ ಕೊಳವೆ) ಹಾಕಿದವರಲ್ಲಿ ಚೀಲದಿಂದ ಮೂತ್ರ ತೆಗೆಯಲೇಬಾರದು, ಅದು ಗಂಟೆಗಟ್ಟಲೆ ಕೋಣೆಯ ಉಷ್ಣಾಂಶದಲ್ಲಿ ನಿಂತದ್ದು. ಮಾದರಿ ತೆಗೆಯುವ ಪೋರ್ಟಿನ ಕೆಳಗೆ ಕೊಳವೆಯನ್ನು 10ರಿಂದ 30 ನಿಮಿಷ ಕ್ಲ್ಯಾಂಪ್ ಮಾಡಿ, ಪೋರ್ಟನ್ನು ಶೇ. 70 ಆಲ್ಕೋಹಾಲ್‌ನಿಂದ ಒರೆಸಿ ಒಣಗಲು ಬಿಟ್ಟು, ಸ್ಟೆರೈಲ್ ಸಿರಿಂಜಿನಲ್ಲಿ ಎಳೆಯಬೇಕು. ಕ್ಲ್ಯಾಂಪ್ ಬಿಚ್ಚಲು ಮರೆಯುವುದು ವಾರ್ಡ್‌ನಲ್ಲಿ ನಡೆಯುವ ತಪ್ಪು. ಮೂತ್ರಕೋಶ ಉಬ್ಬಿ ರೋಗಿ ನರಳುತ್ತಾನೆ. ಲಕ್ಷಣ ಇದ್ದರೆ ಇಲ್ಲಿ 1,000ವೂ ಗಣನೆಗೆ ಬರುತ್ತದೆ. ಕ್ಯಾಥಿಟರ್ ಹಳೆಯದಾಗಿದ್ದರೆ ಅದರ ಒಳಮೈಗೆ ಬ್ಯಾಕ್ಟೀರಿಯಾಗಳ ಪಾಚಿಯಂಥ ಪದರ ಕಟ್ಟಿರುತ್ತದೆ, ಆದ್ದರಿಂದ ಹೊಸದನ್ನು ಹಾಕಿ ಅದರಿಂದ ತೆಗೆಯುವುದು ಒಳ್ಳೆಯದು. ತೆಗೆದ ಕ್ಯಾಥಿಟರ್‌ನ ತುದಿ ಕತ್ತರಿಸಿ ಕಲ್ಚರ್‌ಗೆ ಕಳಿಸುವುದು ವ್ಯರ್ಥ, ಹೊರಗೆ ಎಳೆಯುವಾಗ ಅದು ಇಡೀ ಯುರೆತ್ರಾವನ್ನು ಒರೆಸಿಕೊಂಡು ಬಂದಿರುತ್ತದೆ.

ಕಲ್ಚರ್‌ಗೆ ಒಂದು ದಿನ ಬೇಕು. ಅಷ್ಟರಲ್ಲಿ ಸುಳಿವು ಬೇಕಾದರೆ ಎರಡು ದಾರಿ. ಸೆಂಟ್ರಿಫ್ಯೂಜ್ ಮಾಡದ ಮೂತ್ರದ ಹನಿಯನ್ನು ಸ್ಲೈಡ್ ಮೇಲೆ ಹರಡದೆ ಒಣಗಿಸಿ ಗ್ರಾಂ ಸ್ಟೇನ್ ಮಾಡಿ. ಆಯಿಲ್ ಇಮ್ಮರ್ಶನ್ ಲೆನ್ಸಿನಡಿ ಪ್ರತಿ ಫೀಲ್ಡ್‌ಗೆ ಸರಾಸರಿ ಒಂದು ಬ್ಯಾಕ್ಟೀರಿಯಾ ಕಂಡರೂ ಅದು ಹೆಚ್ಚುಕಡಿಮೆ 1 ಲಕ್ಷಕ್ಕೆ ಸಮ. ಇನ್ನೊಂದು ಡಿಪ್‌ಸ್ಟಿಕ್, ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿ. ಅದರ ನೈಟ್ರೈಟ್ ಚೌಕ ಬಣ್ಣ ತಿರುಗಬೇಕಾದರೆ ಬ್ಯಾಕ್ಟೀರಿಯಾ ಮೂತ್ರದ ನೈಟ್ರೇಟನ್ನು ನೈಟ್ರೈಟ್ ಮಾಡಬೇಕು, ಅದಕ್ಕೆ ಮೂತ್ರಕೋಶದಲ್ಲಿ 4 ಗಂಟೆಯಷ್ಟು ಸಮಯ ಬೇಕು. ಅರ್ಧ ಗಂಟೆಗೊಮ್ಮೆ ಹೋಗುವ ಆ ಯುವತಿಯಲ್ಲಿ ಇದು ನೆಗೆಟಿವ್ ಬಂದರೆ ಆಶ್ಚರ್ಯವಿಲ್ಲ. ಎಂಟೆರೊಕಾಕಸ್ ಮತ್ತು ಸ್ಟೆಫೈಲೊಕಾಕಸ್ ಸ್ಯಾಪ್ರೊಫೈಟಿಕಸ್ ಎಷ್ಟು ಹೊತ್ತು ಬಿಟ್ಟರೂ ಈ ಚೌಕದಲ್ಲಿ ಸಿಕ್ಕಿಬೀಳುವುದಿಲ್ಲ. ನೈಟ್ರೈಟ್ ಪಾಸಿಟಿವ್ ಬಂದರೆ ನಂಬಿ. ನೆಗೆಟಿವ್ ಬಂದರೆ ಅದೊಂದರ ಮೇಲೆ ಏನನ್ನೂ ತೀರ್ಮಾನಿಸಬೇಡಿ.

ಮೂತ್ರಕೋಶ ಕ್ರಿಮಿರಹಿತ ಎಂಬ ಮಾತಿಗೂ ಒಂದು ತಿದ್ದುಪಡಿ ಸೇರಿಸಿಕೊಳ್ಳಿ. ಹೆಚ್ಚು ಮೂತ್ರ ತೆಗೆದುಕೊಂಡು, ಬೇರೆ ಬೇರೆ ಗಾಳಿಯ ವಾತಾವರಣದಲ್ಲಿ, ಹೆಚ್ಚು ಹೊತ್ತು ಬೆಳೆಸಿದಾಗ, ಡಿಎನ್‌ಎ ವಿಧಾನದಲ್ಲಿ ಹುಡುಕಿದಾಗ ಆರೋಗ್ಯವಂತರ ಮೂತ್ರಕೋಶದಲ್ಲೂ ಕಡಿಮೆ ಸಂಖ್ಯೆಯ ಬ್ಯಾಕ್ಟೀರಿಯಾಗಳು ಸಿಕ್ಕಿವೆ. ಅವುಗಳಲ್ಲಿ ಹೆಚ್ಚಿನವು ದಿನನಿತ್ಯದ ಕಲ್ಚರ್‌ನಲ್ಲಿ ಬೆಳೆಯುವವಲ್ಲ. ಪರೀಕ್ಷೆಯಲ್ಲಿ "ಸಾಮಾನ್ಯ ಕಲ್ಚರ್ ವಿಧಾನದಲ್ಲಿ ಕ್ರಿಮಿರಹಿತ" ಎಂದು ಬರೆದರೆ ಯಾರೂ ಅಂಕ ಕಳೆಯಲಾರರು.

ಕೊನೆಗೆ, ವರದಿ ಓದುವಾಗ ತಲೆಕೆಡಿಸುವ ಮೂರು ಸಂದರ್ಭ. ಮೂರು ಅಥವಾ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗೆ ಬೆಳೆದರೆ, ಸಂಖ್ಯೆ ಎಷ್ಟೇ ಇರಲಿ, ಬಹುತೇಕ ಹೊರಗಿನ ಬೆರಕೆ. ಮಾದರಿಯನ್ನು ಮತ್ತೆ ತೆಗೆಯಿರಿ. ಕೀವುಕಣ ಹೇರಳ, ಬೆಳವಣಿಗೆ ಸೊನ್ನೆ ಎಂದಿದ್ದರೆ ಮೊದಲು ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದಾರೆಯೇ ಎಂದು ಕೇಳಿ. ಇಲ್ಲವಾದರೆ ಕಲ್ಲು, ಕ್ಲಮೈಡಿಯಾ, ಮೂತ್ರಾಂಗದ ಕ್ಷಯ ನೆನಪಾಗಲಿ. ಕ್ಷಯದ ಬ್ಯಾಕ್ಟೀರಿಯಾ 24 ಗಂಟೆಯಲ್ಲಿ ಈ ತಟ್ಟೆಗಳ ಮೇಲೆ ಬೆಳೆಯುವುದಿಲ್ಲ, ಅದಕ್ಕೆ ಮೂರು ದಿನ ಸತತವಾಗಿ ಬೆಳಗಿನ ಮೊದಲ ಮೂತ್ರ ತೆಗೆದು ಬೇರೆಯೇ ಪರೀಕ್ಷೆ ಕೇಳಬೇಕು.

ಮೂರನೆಯದು ಸ್ಟೆಫೈಲೊಕಾಕಸ್ ಆರಿಯಸ್. ಕ್ಯಾಥಿಟರ್ ಇಲ್ಲದ, ಜ್ವರವಿರುವ ರೋಗಿಯ ಮೂತ್ರದಲ್ಲಿ ಇದು ಬಂದರೆ ಕೆಳಗಿನಿಂದ ಮೇಲೆ ಹತ್ತಿತು ಎಂದು ಸುಮ್ಮನಾಗಬೇಡಿ. ರಕ್ತದಲ್ಲಿ ಹರಿಯುತ್ತಿರುವ ಈ ಬ್ಯಾಕ್ಟೀರಿಯಾ ಮೂತ್ರಪಿಂಡದ ಹೊರಪದರವಾದ ಕಾರ್ಟೆಕ್ಸ್‌ನಲ್ಲಿ ಬೀಡುಬಿಟ್ಟು ಸಣ್ಣ ಕೀವುಗಡ್ಡೆ ಮಾಡಿಕೊಂಡು ಮೂತ್ರಕ್ಕೆ ಇಳಿದಿರಬಹುದು. ಇಲ್ಲಿ ಸಂಖ್ಯೆ ಕಡಿಮೆ ಇದ್ದರೂ ಉದಾಸೀನ ಸಲ್ಲದು. ವೈದ್ಯರಿಗೆ ಕೂಡಲೇ ತಿಳಿಸಿ, ಆ್ಯಂಟಿಬಯೋಟಿಕ್‌ನ ಮೊದಲ ಡೋಸ್‌ಗೆ ಮುಂಚೆ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದಿಟ್ಟಿದೆಯೇ ಎಂದು ನೋಡಿಕೊಳ್ಳಿ.